ವಿಳಾಸದ ಎರಡನೇ ಸಾಲು

ಮೆಕ್ಕೆಜೋಳದ ಸೀಸನ್ ಶುರುವಾಗಿತ್ತು. ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ರೈತರ ಪಟ್ಟಿ (ಮಾರಿದ ಮಾಲಿನ ಲೆಕ್ಕದ ಚೀಟಿ) ಪ್ರಿಂಟ್ ಮಾಡುವ ಸಾಫ್ಟ್‌ವೇರ್ ಕೊಟ್ಟು ಎರಡೇ ದಿನ. ಬೆಳಿಗ್ಗೆ ಫೋನ್ ಬಂತು: "ಪಟ್ಟಿ ಹೆಂಗೆಂಗೋ ಬರ್ತಿದೆ, ಬೇಗ ಬನ್ನಿ."

ಹೋದಾಗ ವಯಸ್ಸಾದ ರೈತರೊಬ್ಬರು ಚೀಟಿ ಹಿಡಿದು ನಿಂತಿದ್ದರು. ಅವರಿಗೆ ಬರಬೇಕಾದದ್ದು 54,120 ರೂಪಾಯಿ. ಚೀಟಿಯ ಸಾಲು 54ಕ್ಕೆ ನಿಂತಿತ್ತು. ಉಳಿದದ್ದು ಕೆಳಗಿನ ಸಾಲಿನ ಎಡ ತುದಿಯಲ್ಲಿತ್ತು. "ಇದೇನಪ್ಪಾ, ಐವತ್ನಾಲ್ಕು ರೂಪಾಯಾ?" ಅಂದರು. ಸಿಟ್ಟಿರಲಿಲ್ಲ, ಗಾಬರಿ ಇತ್ತು. ಆ ದನಿ ಇನ್ನೂ ಕಿವಿಯಲ್ಲಿದೆ.

ಪ್ರಿಂಟರಿನ 58 ಮಿಲಿಮೀಟರ್ ಕಾಗದದ ರೋಲಿನಲ್ಲಿ ಸಾಲಿಗೆ 32 ಅಕ್ಷರ. ಸಾಲು ಮುರಿಯುತ್ತಿದೆ, ಅಂದ್ರೆ ಪ್ರಿಂಟರ್‌ದೇ ತಪ್ಪು ಅಂತ ತೀರ್ಮಾನ ಮಾಡಿಬಿಟ್ಟೆ. ರೋಲ್ ಬದಲಿಸಿದೆ. ಕೇಬಲ್ ಬದಲಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ನಲವತ್ತು ನಿಮಿಷ ಹೋಯಿತು. ಹಿಂದೆ ಜನ ಸೇರುತ್ತಿದ್ದರು, ಗುಮಾಸ್ತರು ಕೈಯಲ್ಲೇ ಪಟ್ಟಿ ಬರೆಯಲು ಕೂತರು.

ಆಮೇಲೆ ಎಡಗಡೆ ನಾಲ್ಕು ಸ್ಪೇಸ್ ಜಾಸ್ತಿ ಇರುವುದು ಕಣ್ಣಿಗೆ ಬಿತ್ತು. ಅವಸರದಲ್ಲಿ ಪ್ರತಿ ಸಾಲಿಗೂ ಎಲ್‌ಸ್ಟ್ರಿಪ್ (ಎಡಗಡೆಯ ಸ್ಪೇಸ್ ಎಲ್ಲಾ ತೆಗೆಯುವ ಆಜ್ಞೆ) ಹಾಕಿದೆ. ಅದು ಇನ್ನೊಂದು ತಪ್ಪು. ನಡುವೆ ಇದ್ದ ಅಂಗಡಿ ಹೆಸರು ಎಡಕ್ಕೆ ಬಂತು. ಎರಡು ಸ್ಪೇಸ್ ಒಳಗಿದ್ದ ಹಮಾಲಿಯ ಸಾಲೂ ಸರಿದು, ಅದರ ಅಂಕಿ ಮಿಕ್ಕ ಅಂಕಿಗಳ ಸಾಲು ಬಿಟ್ಟಿತು.

ಕೊನೆಗೆ ಆಫೀಸಿನ ಹಿರಿಯ ಅಕ್ಕನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಎಲ್ಲಾ ಚೀಟಿನೂ ಹೀಗೇನಾ, ಕೆಲವಷ್ಟೇನಾ?"

ಕೆಲವಷ್ಟೇ. ವಿಳಾಸ ಎರಡು ಸಾಲಿನಲ್ಲಿದ್ದವರ ಚೀಟಿಗಳು ಮಾತ್ರ. ಆನಗೋಡು ಅಂತ ಬರೆದು, ಎಂಟರ್ ಒತ್ತಿ, ಕೆಳಗಿನ ಸಾಲಿನಲ್ಲಿ ದಾವಣಗೆರೆ ತಾಲೂಕು.

ಕೋಡ್ ಪೈಥಾನಿನದು. ಫಂಕ್ಷನ್ ಒಳಗೆ ಮೂರು ಕೋಟ್‌ಗಳ ಎಫ್-ಸ್ಟ್ರಿಂಗ್ (ಹೆಸರು, ವಿಳಾಸ ತಾನೇ ತುಂಬಿಕೊಳ್ಳುವ ಪಠ್ಯ), ಫಂಕ್ಷನ್ ಒಳಗಿದ್ದದ್ದಕ್ಕೆ ಅದರ ಸಾಲುಗಳ ಮುಂದೆ ನಾಲ್ಕು ಸ್ಪೇಸ್, ಅದರ ಸುತ್ತ ಟೆಕ್ಸ್ಟ್‌ವ್ರ್ಯಾಪ್‌ನ ಡಿಡೆಂಟ್. ಎಲ್ಲಾ ಸಾಲಿಗೂ ಎಡಗಡೆ ಸಮನಾಗಿರುವ ಖಾಲಿ ಜಾಗ ಎಷ್ಟಿದೆಯೋ ಡಿಡೆಂಟ್ ಅಷ್ಟನ್ನೇ ಕತ್ತರಿಸುತ್ತದೆ. ಆದರೆ ಎಫ್-ಸ್ಟ್ರಿಂಗ್ ಅದಕ್ಕಿಂತ ಮೊದಲೇ ವಿಳಾಸ ತುಂಬಿಬಿಟ್ಟಿರುತ್ತದೆ. ವಿಳಾಸದ ಎರಡನೇ ಸಾಲಿನ ಮುಂದೆ ಒಂದೂ ಸ್ಪೇಸ್ ಇಲ್ಲ. ಹಾಗಾಗಿ ಸಮನಾದ ಜಾಗ ಸೊನ್ನೆ. ಏನನ್ನೂ ಕತ್ತರಿಸಲಿಲ್ಲ, ಎರರ್ ಕೂಡ ಕೊಡಲಿಲ್ಲ. ನಾಲ್ಕು ಸ್ಪೇಸ್ ಉಳಿದವು, ಬಲಗಡೆಯ ನಾಲ್ಕು ಅಕ್ಷರ ಕೆಳಗೆ ಬಿದ್ದವು.

ಮೊದಲು ಖಾಲಿ ಟೆಂಪ್ಲೇಟಿಗೆ ಡಿಡೆಂಟ್, ಆಮೇಲೆ ಫಾರ್ಮ್ಯಾಟ್, ಅಂದ್ರೆ ವಿವರ ತುಂಬುವುದು. ಇಷ್ಟು ಮಾಡಿದ್ದಕ್ಕೆ ಸರಿಯಾಯಿತು. ಟ್ಯಾಬ್ ಮತ್ತು ಸ್ಪೇಸ್ ಬೆರೆತರೂ ಇದೇ ಗತಿ, ಡಿಡೆಂಟ್‌ಗೆ ಅವೆರಡೂ ಬೇರೆ ಬೇರೆ. ಜಾವಾ ಭಾಷೆಯಲ್ಲಿ ಹಲವು ಸಾಲಿನ ಪಠ್ಯ ಬರೆಯುವ ಟೆಕ್ಸ್ಟ್ ಬ್ಲಾಕ್‌ನಲ್ಲಿ (2020ರ ಜಾವಾ 15ರಿಂದ ಖಾಯಂ ಆಗಿದೆ) ಕಂಪೈಲ್ ಆಗುವಾಗಲೇ ಸ್ಪೇಸ್ ಕತ್ತರಿಸಿಯಾಗಿರುತ್ತದೆ, ವಿವರ ತುಂಬುವುದು ಆಮೇಲೆ. ಅಲ್ಲಾಗಿದ್ದರೆ ಈ ವಿಳಾಸ ಹೀಗೆ ಕಾಡುತ್ತಿರಲಿಲ್ಲ.

ಟೆಸ್ಟಿಂಗ್‌ಗೆ ಇನ್ನೊಂದು ವಾರ ಬೇಕು ಅಂತ ನಾವು ಕೇಳಿದ್ದೆವು. "ಸೀಸನ್ ಮುಗಿದ ಮೇಲೆ ಕೊಟ್ಟು ಏನು ಪ್ರಯೋಜನ" ಅಂದಿದ್ದರು ಮೇಲಿನವರು. ಆದರೂ ನಾನು ಟೆಸ್ಟ್‌ಗೆ ಹಾಕಿದ ಹತ್ತೂ ವಿಳಾಸ ಒಂದೊಂದೇ ಸಾಲಿನವು. ಅದು ನನ್ನ ತಪ್ಪೇ.

ಆ ಹಿರಿಯರು ಹೊಸ ಚೀಟಿಗೆ ಕಾಯಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಗುಮಾಸ್ತರು ಹಳೇ ಚೀಟಿಯ ಹಿಂದೆ 54,120 ಅಂತ ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಸಹಿ ಹಾಕಿ ಕೊಟ್ಟರು.