ನಾರಿಚ್‌ನ ಏರಿನಲ್ಲೊಂದು ಕುದುರೆ ತೊಟ್ಟಿ

ಇಂಗ್ಲೆಂಡಿನಲ್ಲಿ ನಾವಿರುವ ಊರನ್ನು ನಾರ್ವಿಚ್ ಅಂದರೆ ಇಲ್ಲಿಯವರಿಗೆ ನಗು. ನಾರಿಚ್ ಅನ್ನಬೇಕು. ಸುತ್ತಲ ಸೀಮೆಯೆಲ್ಲ ತಟ್ಟೆಯ ಹಾಗೆ ಸಮತಟ್ಟು, ಊರೊಳಗೆ ಮಾತ್ರ ಅಲ್ಲಲ್ಲಿ ಏರು. ಅಂಥ ಒಂದು ಏರಿನಲ್ಲಿ, ಎರಡು ರಸ್ತೆ ಕೂಡುವ ಕಡೆ, ಮೂರು ಮೂಲೆಯ ತೊಟ್ಟಿಯೊಂದಿದೆ. ಅದರ ತುಂಬ ಹೂವಿನ ಗಿಡ. ತಿಂಗಳುಗಟ್ಟಲೆ ತರಕಾರಿ ಚೀಲ ಹಿಡಿದು ಅದರ ಪಕ್ಕದಲ್ಲೇ ಓಡಾಡಿದ್ದೇನೆ, ದೊಡ್ಡ ಹೂಕುಂಡ ಅಂದುಕೊಂಡು. ಒಂದು ಭಾನುವಾರ ಮಗಳು ಅಕ್ಷರ ಕೂಡಿಸಿ ಓದಿದಳು: ಆನ್ನಾ ಸ್ಯೂವೆಲ್.

‘ಬ್ಲ್ಯಾಕ್ ಬ್ಯೂಟಿ’ ಬರೆದವರು! ಕುದುರೆಯೇ ತನ್ನ ಕಥೆ ಹೇಳಿಕೊಳ್ಳುವ ಪುಸ್ತಕ. ಕುದುರೆಗಳು ನೀರು ಕುಡಿಯಲಿ ಅಂತ 1917ರಲ್ಲಿ ಅವರ ತಮ್ಮನ ಮಗಳು ಇಲ್ಲಿ ತೊಟ್ಟಿ ಇಡಿಸಿದ್ದಂತೆ. ಪಕ್ಕದ ಪಾರ್ಕಿಗೂ ಸ್ಯೂವೆಲ್ ಹೆಸರೇ.

ಆನ್ನಾ ಹುಟ್ಟಿದ್ದು 1820ರಲ್ಲಿ, ಇಲ್ಲಿಂದ ಅರ್ಧ ಗಂಟೆ ರೈಲಿನ ದೂರದ ಗ್ರೇಟ್ ಯಾರ್ಮತ್‌ನಲ್ಲಿ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಮನೆತನ. ಹದಿನಾಲ್ಕನೇ ವಯಸ್ಸಿನಲ್ಲಿ, ಲಂಡನ್ ಹತ್ತಿರ ಇದ್ದಾಗ, ಸ್ಕೂಲಿನಿಂದ ಬರುತ್ತಾ ಜಾರಿ ಬಿದ್ದು ಎರಡೂ ಕಾಲಿನ ಗಿಣ್ಣಿಗೆ ಪೆಟ್ಟಾಯಿತು. ಆಮೇಲೆ ಸರಿಯಾಗಿ ನಡೆಯುವುದು ಆಗಲೇ ಇಲ್ಲ. ಹೊರಗೆ ಹೋಗಬೇಕೆಂದರೆ ಪುಟ್ಟ ಕುದುರೆ ಗಾಡಿಯೇ ಗತಿ. ಅಪ್ಪನನ್ನು ಸ್ಟೇಷನ್ನಿಗೆ ಬಿಟ್ಟು ಬರುವುದೂ ಇವರೇ. ಲಗಾಮು ಸಡಿಲ ಬಿಟ್ಟು, ಮಾತಾಡಿಸುತ್ತಲೇ ಕುದುರೆ ನಡೆಸುತ್ತಿದ್ದರಂತೆ.

ಆ ಕಾಲದ ಸಾಹುಕಾರರಿಗೆ ಒಂದು ಶೋಕಿ ಇತ್ತು. ಕುದುರೆಯ ಬಾಯಿಂದ ಬೆನ್ನಿನ ಜೀನಿಗೆ ಒಂದು ಬಾರು ಬಿಗಿದು, ತಲೆ ಸದಾ ಎತ್ತಿಯೇ ಇರುವಂತೆ ಮಾಡುವುದು. ನೋಡೋದಕ್ಕೆ ಠೀವಿ. ಕುದುರೆಗೆ ಮಾತ್ರ ಯಮಯಾತನೆ. ನಮ್ಮೂರಲ್ಲಿ ಎತ್ತುಗಳು ಏರು ಹತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಲೆ ತಗ್ಗಿಸಿ, ಹೆಗಲು ಕೊಟ್ಟು, ಮೈಭಾರವನ್ನೆಲ್ಲ ಮುಂದೆ ಹಾಕಿ ಎಳೆಯುತ್ತವೆ. ತಲೆಯನ್ನೇ ಕಟ್ಟಿಹಾಕಿದರೆ ಎಳೆಯುವುದು ಹೇಗೆ? ಬಾಯಿ ಹರಿಯುತ್ತದೆ, ಉಸಿರು ಕಟ್ಟುತ್ತದೆ. ಪುಸ್ತಕದಲ್ಲಿ ಜಿಂಜರ್ ಅನ್ನುವ ಹೆಣ್ಣು ಕುದುರೆ ಈ ಬಾರಿನ ಕಾಟಕ್ಕೆ ರೋಸಿ ಒದೆಯಲು ನಿಲ್ಲುತ್ತದೆ. ಮುಂದೆ ಲಂಡನ್ನಿನ ಬಾಡಿಗೆ ಗಾಡಿಗೆ ಬೀಳುತ್ತದೆ. ಅದರ ಹೆಣ ಗಾಡಿಯಲ್ಲಿ ಹೋಗುವ ಪುಟ ಬಂದಾಗ ಮಗಳು ಪುಸ್ತಕ ಮುಚ್ಚಿ ಎದ್ದುಹೋದಳು. ಎರಡು ದಿನ ಮುಟ್ಟಲಿಲ್ಲ.

ನನಗೆ ಗೊತ್ತೇ ಇರದ ಸಂಗತಿ ಬೇರೆ. ಇದನ್ನು ಅವರು ಮಕ್ಕಳಿಗೆ ಅಂತ ಬರೆದದ್ದೇ ಅಲ್ಲ. ಗಾಡಿ ಹೊಡೆಯುವವರು, ಲಾಯದ ಹುಡುಗರು ಓದಲಿ ಅಂತ ಬರೆದದ್ದು. ಅದಕ್ಕೇ ಭಾಷೆ ಅಷ್ಟು ಸಲೀಸು. ಮಕ್ಕಳು ಆಮೇಲೆ ಎತ್ತಿಕೊಂಡರು. ಗಾಡಿಯವರನ್ನು ಬೈದು ಬಿಡುವುದೂ ಇಲ್ಲ. ಜೆರ್ರಿ ಬಾರ್ಕರ್ ಅನ್ನುವ ಬಾಡಿಗೆ ಗಾಡಿಯವನ ಬಡತನ, ಚಳಿಯಲ್ಲಿ ಗಿರಾಕಿಗೆ ಕಾದು ಕಾದು ಅವನು ಕಾಯಿಲೆ ಬಿದ್ದು ಮಲಗಿಬಿಡುವುದು, ಎಲ್ಲ ಇದೆ. ನನ್ನನ್ನು ಕೇಳಿದರೆ ಕುದುರೆಯ ಮಾತಿಗಿಂತ ಆ ಭಾಗವೇ ಜಾಸ್ತಿ ಚೆನ್ನ.

1871ರಿಂದ 1877ರವರೆಗೆ ಬರವಣಿಗೆ ಎಳೆಯಿತು. ಆಗ ಇದ್ದದ್ದು ಊರಂಚಿನ ಓಲ್ಡ್ ಕ್ಯಾಟನ್‌ನಲ್ಲಿ. ಕಾಯಿಲೆ ಜೋರಾಗಿ ಹಾಸಿಗೆ ಹಿಡಿದಿದ್ದರು. ಕೂರಲು ಆದ ದಿನ ಪೆನ್ಸಿಲ್ಲಿನಲ್ಲಿ ಚೀಟಿಗಳ ಮೇಲೆ ಬರೆಯುವುದು, ಆಗದ ದಿನ ಬಾಯಲ್ಲಿ ಹೇಳುವುದು. ಅಮ್ಮ ಮೇರಿ ಅದನ್ನೆಲ್ಲ ನಕಲು ಮಾಡುತ್ತಿದ್ದರು. ಅಮ್ಮನೂ ಲೇಖಕಿಯೇ. ಪದ್ಯಕಥೆ ಬರೆದು ಮಗಳಿಗಿಂತ ಮೊದಲೇ ಹೆಸರು ಮಾಡಿದವರು. ಪುಸ್ತಕದ ಹಕ್ಕನ್ನು ಆನ್ನಾ ನಾರಿಚ್‌ನ ಜಾರಲ್ಡ್ ಪ್ರಕಾಶನ ಸಂಸ್ಥೆಗೆ ಒಂದೇ ಸಲಕ್ಕೆ ಹಣ ಪಡೆದು ಕೊಟ್ಟುಬಿಟ್ಟರು. ಪೇಟೆಯಲ್ಲಿ ಜಾರಲ್ಡ್ ಅಂಗಡಿ ಇವತ್ತಿಗೂ ಇದೆ. ಮಗಳ ಪ್ರತಿಯನ್ನು ಅಲ್ಲೇ ಕೊಂಡೆವು.

ಪುಸ್ತಕ ಬಂದದ್ದು 1877ರ ನವೆಂಬರಿನಲ್ಲಿ. ಮುಂದಿನ ಏಪ್ರಿಲ್‌ನಲ್ಲಿ ಆನ್ನಾ ತೀರಿಕೊಂಡರು. ಬರೆದದ್ದು ಇದೊಂದೇ ಕಾದಂಬರಿ. ಅಂತ್ಯಕ್ರಿಯೆಯ ದಿನ ಅಮ್ಮ ಕಿಟಕಿಯಿಂದ ನೋಡಿದರೆ, ಬಂದು ನಿಂತ ಗಾಡಿಯ ಕುದುರೆಗಳಿಗೆ ಅದೇ ಬಾರು ಬಿಗಿದಿತ್ತಂತೆ. ಕೆಳಗಿಳಿದು ಬಂದು, ಬಾರು ಬಿಚ್ಚಿಸಿದ ಮೇಲೇ ಗಾಡಿ ಹೊರಡಲು ಬಿಟ್ಟರಂತೆ.

ಮೊನ್ನೆ ತೊಟ್ಟಿಯ ಹತ್ತಿರ ಹೋದಾಗ ಮಗಳು ಹೂಗಿಡಗಳ ನಡುವೆ ಬೆರಳಾಡಿಸಿ ನೋಡಿದಳು. “ಅಪ್ಪಾ, ನೀರೇ ಇಲ್ವಲ್ಲ” ಅಂದಳು.