ಮಾರಿಸ್ ಮೈನರ್ ಬ್ರೇಕ್ ಲೈನ್: ಪೈಪು ಕೂತಿತು, ಗಾಳಿ ತೆಗೆಯೋದು ಬಾಕಿ

ಹಳೆಯ ಬ್ರೇಕ್ ಪೈಪುಗಳೆಲ್ಲ ಕಾರಿನಿಂದ ಹೊರಗೆ ಬಂದಿವೆ. ಹೊಸವು ಅವುಗಳ ಜಾಗದಲ್ಲಿ ಕೂತಿವೆ. ಇನ್ನು ಬ್ರೇಕ್ ಆಯಿಲ್ ತುಂಬಿ ಪೈಪಿನೊಳಗಿನ ಗಾಳಿ ತೆಗೆಯಬೇಕು. ಅದಕ್ಕೂ ಮೊದಲು ಇಲ್ಲಿವರೆಗಿನ ಕೆಲಸ ಬರೆದಿಡೋಣ ಅನ್ನಿಸಿತು. ಪೈಪು ಬಗ್ಗಿಸುವುದು ಕಷ್ಟ ಅಂತ ಬಹಳ ಜನ ಹೆದರುತ್ತಾರೆ. ಆದರೆ ನಿಜವಾಗಿ ಗಮನ ಕೊಡಬೇಕಾದ್ದು ಪೈಪಿನ ತುದಿಗೆ. ಬ್ರೇಕ್ ಹಿಡಿಯುತ್ತದೋ ಸೋರುತ್ತದೋ ಅನ್ನೋದು ಆ ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿದೆ.

ಕಾರು ಮಾರಿಸ್ ಮೈನರ್ 1000. ಮೈನರ್ 1948ರಿಂದ 1971ರವರೆಗೆ ತಯಾರಾದ ಕಾರು. 1000 ಅನ್ನುವ ಹೆಸರು 1956ರಲ್ಲಿ 948 ಸಿಸಿ ಎಂಜಿನ್ ಜೊತೆಗೆ ಬಂತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ. ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಡಿಯ ಚಾಸಿ ಒಳಗೆ. ಆಯಿಲ್ ನೋಡಬೇಕಂದ್ರೆ ನೆಲಹಾಸು ಎತ್ತಬೇಕು.

ಇದರ ಬ್ರೇಕು ಒಂದೇ ಸರ್ಕ್ಯೂಟಿನದು, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ದಾರಿ ಒಂದೇ. ಈಗಿನ ಕಾರುಗಳಲ್ಲಿ ಎರಡಿರುತ್ತವೆ, ಒಂದು ಸೋರಿದರೆ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ. ಮೈನರಿನಲ್ಲಿ ಯಾವ ಮೂಲೆಯ ಪೈಪು ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಹಾಗಾಗಿ ಕೆಟ್ಟಂತೆ ಕಂಡ ಒಂದು ಪೈಪು ಬದಲಿಸಿ ಸುಮ್ಮನಾಗುವ ಮಾತೇ ಇರಲಿಲ್ಲ.

ಬಿಚ್ಚಿದಾಗ ಕಂಡಿದ್ದು ಆ ತೀರ್ಮಾನ ಸರಿ ಅಂತ ತೋರಿಸಿತು. ಕಣ್ಣಿಗೆ ಬೀಳುವ ಕಡೆಯೆಲ್ಲ ಪೈಪು ಪರವಾಗಿಲ್ಲ ಅನ್ನುವಂತಿತ್ತು. ಕ್ಲಿಪ್ ತೆಗೆದರೆ ಅದರ ಅಡಿಯಲ್ಲಿ ನೀರು ನಿಂತು ನಿಂತು ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆ ಬರುತ್ತಿತ್ತು. ಹಿಂದಕ್ಕೆ ಹೋಗುವ ಉದ್ದ ಪೈಪನ್ನು ಹಿಂದೆ ಯಾರೋ ನಡುವೆ ಕತ್ತರಿಸಿ ಕಂಪ್ರೆಶನ್ ಜಾಯಿಂಟ್ ಹಾಕಿದ್ದರು. ನೀರಿನ ನಲ್ಲಿಗೆ ಅದು ಸಾಕು. ಬ್ರೇಕ್ ಜೋರಾಗಿ ತುಳಿದಾಗ ಪೈಪಿನೊಳಗಿನ ಒತ್ತಡ ಟಯರಿನ ಗಾಳಿಯ ಒತ್ತಡಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಸುತ್ತಲೂ ಒತ್ತಿ ಹಿಡಿದ ಒಂದು ಉಂಗುರದ ಮೇಲೆ ಅಷ್ಟು ಭಾರ ಹೊರಿಸಬಾರದು. ಬ್ರೇಕ್ ಲೈನಿನಲ್ಲಿ ಕಂಪ್ರೆಶನ್ ಜಾಯಿಂಟ್ ಕಂಡರೆ ಆ ಕಾರನ್ನು ರಸ್ತೆಗೆ ಇಳಿಸಲೇಬೇಡಿ.

ಪೈಪಿನ ತುದಿಯನ್ನು ತೂತಿನೊಳಗೆ ತಿರುಗಿಸಿ ಹಿಡಿಸುವ, ಹೊರಮೈಯಲ್ಲಿ ಥ್ರೆಡ್ ಇರುವ ನಟ್ ಬಿಚ್ಚಲು ಮಾಮೂಲಿ ಸ್ಪ್ಯಾನರ್ ಬೇಡ. ಎರಡೇ ಮುಖ ಹಿಡಿದು ಮೂಲೆ ಸವೆಸಿಬಿಡುತ್ತದೆ. ಪೈಪು ದಾಟಲು ಬಾಯಿ ಸೀಳಿರುವ ರಿಂಗ್ ಸ್ಪ್ಯಾನರ್ ಸಿಗುತ್ತದೆ, ಫ್ಲೇರ್ ನಟ್ ಸ್ಪ್ಯಾನರ್ ಅಂತ. ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನಟ್ಟನ್ನು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿದೆ. ನಟ್ ಜೊತೆ ಪೈಪೂ ತಿರುಗುತ್ತಿದ್ದ ಕಡೆ ನಟ್ಟಿನ ಹತ್ತಿರವೇ ಪೈಪು ಕತ್ತರಿಸಿ, ಆರು ಮೂಲೆಯ ಸಾಕೆಟ್ ಇಳಿಸಿದೆ. ಹೇಗಿದ್ದರೂ ಬಿಸಾಡುವ ಪೈಪು ತಾನೇ. ಬೆಂಕಿ ಮಾತ್ರ ಹತ್ತಿರ ತರಲಿಲ್ಲ, ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ.

ಹೊಸ ಪೈಪಿಗೆ ಕ್ಯುಪ್ರೊನಿಕಲ್ ಆರಿಸಿಕೊಂಡೆ. ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್, ಚೂರು ಕಬ್ಬಿಣ. ಉಕ್ಕಿನ ಪೈಪು ಗಟ್ಟಿ, ಆದರೆ ತುಕ್ಕು ಹಿಡಿಯುತ್ತದೆ. ಬರೀ ತಾಮ್ರ ಕೈಯಲ್ಲೇ ಬಗ್ಗುತ್ತದೆ, ಆದರೆ ಅದುರಿ ಅದುರಿ ಗಡುಸಾಗಿ ಬಿರುಕು ಬಿಡಬಹುದು. ಕ್ಯುಪ್ರೊನಿಕಲ್ ತುಕ್ಕು ಹಿಡಿಯುವುದಿಲ್ಲ, ಬಗ್ಗಿಸುವುದೂ ಸುಲಭ. ಅಳತೆ 3/16 ಇಂಚು, ಅಂದರೆ ಹೊರಗಿನ ವ್ಯಾಸ 4.75 ಮಿ.ಮೀ.

ಈಗ ಥ್ರೆಡ್ ವಿಷಯ. ಮೈನರಿನ ನಟ್ಟುಗಳು 3/8 ಇಂಚು ಯುಎನ್ಎಫ್ (ಇಂಚು ಅಳತೆಯ ನಯ ಥ್ರೆಡ್), ಇಂಚಿಗೆ 24 ಥ್ರೆಡ್. ಈಗ ಸುಲಭವಾಗಿ ಸಿಗುವುದು ಎಂ10, ಅಂದರೆ 10 ಮಿ.ಮೀ. ವ್ಯಾಸ, ಥ್ರೆಡ್‌ನಿಂದ ಥ್ರೆಡ್‌ಗೆ 1 ಮಿ.ಮೀ. ಅಂತರ (ಪಿಚ್). 3/8 ಅಂದರೆ 9.5 ಮಿ.ಮೀ. ಚಿಲ್ಲರೆ. ಎರಡೂ ಪಕ್ಕಪಕ್ಕ ಇಟ್ಟರೆ ಗುರುತೇ ಸಿಗುವುದಿಲ್ಲ. ಎಂ10 ನಟ್ 3/8ರ ತೂತಿಗೆ ಹೋಗುವುದಿಲ್ಲ, ಹಾಗಾಗಿ ಅಲ್ಲೇ ಗೊತ್ತಾಗುತ್ತದೆ. ಅಪಾಯ ಇರುವುದು ಇದರ ಉಲ್ಟಾದಲ್ಲಿ. 3/8ರ ನಟ್ ಎಂ10 ತೂತಿಗೆ ಸಲೀಸಾಗಿ ಇಳಿಯುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ, ಆದರೆ ಥ್ರೆಡ್ ಮೇಲುಮೇಲೆ ಮಾತ್ರ ಹಿಡಿದಿರುತ್ತದೆ. ಹಳೆಯ ಕಾರಿಗೆ ಯಾವ ಕಾಲದಲ್ಲಿ ಯಾರು ಯಾವ ಸಿಲಿಂಡರ್ ಹಾಕಿದ್ದಾರೋ, ಯಾರಿಗೆ ಗೊತ್ತು? ಅದಕ್ಕೆ ಪ್ರತಿ ತೂತಿಗೂ ನಟ್ಟನ್ನು ಬೆರಳಲ್ಲೇ ಪೂರ್ತಿ ಇಳಿಸಿ, ಅಲ್ಲಾಡಿಸಿ ನೋಡಿದೆ. ಕೈಗೆ ಆಟ ಸಿಕ್ಕಿದರೆ ಅದು ಆ ತೂತಿನ ನಟ್ ಅಲ್ಲ.

ಇನ್ನು ತುದಿ, ಅಂದರೆ ಫ್ಲೇರ್: ಸೋರದಂತೆ ಕೂರಲು ಒತ್ತಿ ಅರಳಿಸಿದ ಪೈಪಿನ ಬಾಯಿ. ಟಾರ್ಚ್ ಹಿಡಿದು ತೂತಿನ ತಳ ನೋಡಿ. ಕೆಲವು ಕಡೆ ತಳದಲ್ಲಿ ಚೂಪು ಕೋನ್ ಮೇಲಕ್ಕೆ ಎದ್ದಿರುತ್ತದೆ. ಅಲ್ಲಿಗೆ ಒಳಮಡಿಕೆಯ ಡಬಲ್ ಫ್ಲೇರ್ ಬೇಕು, ಅದು ಹೋಗಿ ಕೋನಿನ ಮೇಲೆ ಕೂರುತ್ತದೆ. ಇನ್ನು ಕೆಲವು ಕಡೆ ತಳ ಕೆಳಕ್ಕೆ ಇಳಿಜಾರಾಗಿರುತ್ತದೆ. ಅಲ್ಲಿಗೆ ಪುಟ್ಟ ಅಣಬೆ ತಲೆಯಂತೆ ಉಬ್ಬಿದ ಸಿಂಗಲ್ ಫ್ಲೇರ್. ಒಂದೇ ಪೈಪಿನ ಒಂದು ತುದಿಗೆ ಇದು, ಇನ್ನೊಂದು ತುದಿಗೆ ಅದು ಬೇಕಾಗುವುದೂ ಉಂಟು. ತಪ್ಪು ಜೋಡಿ ಹಾಕಿ ಬಲವಾಗಿ ಬಿಗಿದರೆ ಮೊದಲಿಗೆ ಸೋರದೆ ಇರಬಹುದು. ಆದರೆ ಲೋಹಕ್ಕೆ ಲೋಹ ಸುತ್ತಲೂ ಕೂತಿರುವುದಿಲ್ಲ, ಒಂದು ಗೆರೆಯಷ್ಟೇ ತಾಗಿರುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಇದನ್ನು ಸರಿಮಾಡಲು ಆಗುವುದಿಲ್ಲ. ಇಲ್ಲಿ ಸೋರಿಕೆ ತಡೆಯುವುದು ಥ್ರೆಡ್ ಅಲ್ಲ, ಫ್ಲೇರ್.

ಒಂದೇ ಫ್ಲೇರಿಂಗ್ ಟೂಲಿನಲ್ಲಿ ಎರಡು ಬಗೆಯ ಫ್ಲೇರೂ ಆಗುತ್ತವೆ. ಪೈಪನ್ನು ಟ್ಯೂಬ್ ಕಟರಿನಲ್ಲಿ ಕತ್ತರಿಸಬೇಕು, ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ. ಅವಸರ ಮಾಡಿದರೆ ಬಾಯಿ ಒಳಕ್ಕೆ ಕುಗ್ಗುತ್ತದೆ. ಒಳಗೂ ಹೊರಗೂ ಅಂಚಿನ ಸಿಬಿರು ತೆಗೆದು, ನಟ್ಟನ್ನು ಮೊದಲೇ ಪೋಣಿಸಿ, ಪೈಪನ್ನು ಟೂಲಿನ ಡೈನಲ್ಲಿ (ಅಚ್ಚಿನಲ್ಲಿ) ಹಿಡಿಸಬೇಕು. ಮೊದಲ ಒತ್ತಿಗೆ ಉಬ್ಬು ಬರುತ್ತದೆ, ಅದು ಸಿಂಗಲ್. ಕೋನ್ ಇಟ್ಟು ಇನ್ನೊಮ್ಮೆ ಒತ್ತಿದರೆ ಉಬ್ಬು ಒಳಕ್ಕೆ ಮಡಚಿ ಡಬಲ್ ಆಗುತ್ತದೆ. ಪ್ರತಿಯೊಂದನ್ನೂ ಭೂತಗನ್ನಡಿ ಹಿಡಿದು ನೋಡಿದೆ. ಅಂಚು ಸುತ್ತಲೂ ಒಂದೇ ಅಗಲ ಇರಬೇಕು, ಮಡಿಕೆಯಲ್ಲಿ ಬಿರುಕಿನ ಗೆರೆ ಇರಬಾರದು, ತೂತು ನಡುಮಧ್ಯ ಇರಬೇಕು. ಒಂದು ಪಕ್ಕಕ್ಕೆ ವಾಲಿದೆ ಅನ್ನಿಸಿದರೂ ಕತ್ತರಿಸಿ ಹೊಸದಾಗಿ ಮಾಡುವುದೇ ಲೇಸು. ಅದಕ್ಕೇ ಪೈಪು ಅಳೆಯುವಾಗ ಸ್ವಲ್ಪ ಉದ್ದ ಬಿಟ್ಟುಕೊಳ್ಳಬೇಕು.

ಬಗ್ಗಿಸಲು ಹಳೆಯ ಪೈಪೇ ಮಾದರಿ. ಅದು ಮುರಿದಿದ್ದ ಕಡೆ ತಂತಿ ಬಗ್ಗಿಸಿ ಆಕಾರ ತೆಗೆದುಕೊಂಡೆ. ಪೈಪು ಎಲ್ಲೂ ಕಾರಿನ ಮೈಗೆ ಉಜ್ಜಬಾರದು, ಸೈಲೆನ್ಸರಿಗೆ ಹತ್ತಿರ ಹೋಗಬಾರದು. ಕ್ಲಿಪ್ಪುಗಳೂ ಹೊಸವೇ. ಹಿಂದಕ್ಕೆ ಓಡುವ ಪೈಪು ಈಗ ನೆಲದಡಿ ನೇರವಾಗಿ ಮಲಗಿದೆ. ನೋಡಿದಷ್ಟೂ ಸಂತೋಷ ಆಗುತ್ತದೆ.

ರಬ್ಬರ್ ಹೋಸು ಮೂರು, ಮುಂದೆ ಎರಡು, ಹಿಂದೆ ಒಂದು. ಮೂರೂ ಬದಲಾದವು. ಹಳೆಯ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರಬಹುದು. ಆಗ ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಬೇಗ ವಾಪಸ್ ಬರುವುದಿಲ್ಲ, ಚಕ್ರ ಹಿಡಿದೇ ಇರುತ್ತದೆ. ಮುಂದಿನ ಹೋಸು ಹಾಕುವಾಗ ಕ್ರಮ ಮುಖ್ಯ. ಮೊದಲು ವೀಲ್ ಸಿಲಿಂಡರಿಗೆ (ಚಕ್ರದಲ್ಲಿ ಬ್ರೇಕ್ ಶೂ ತಳ್ಳುವ ಸಿಲಿಂಡರ್) ಹೊಸ ತಾಮ್ರದ ವಾಷರ್ ಹಾಕಿ ಬಿಗಿದು, ಆಮೇಲೆ ಚಾಸಿ ಬ್ರಾಕೆಟ್ಟಿಗೆ ಕೂರಿಸಿ, ಕೊನೆಗೆ ಲೋಹದ ಪೈಪು. ಹಾಗೆ ಮಾಡಿದರೆ ಹೋಸು ತಿರುಚಿಕೊಳ್ಳುವುದಿಲ್ಲ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಎಲ್ಲೂ ತಾಗುತ್ತಿಲ್ಲ.

ಬಾಕಿ ಇರುವ ಕೆಲಸಕ್ಕೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತಂದಿಟ್ಟಿದ್ದೇನೆ. ಹೊಸದಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155. ಡಾಟ್ 3ಕ್ಕೆ ಅದು 205 ಮತ್ತು 140. ಡಾಟ್ 5 ಸಿಲಿಕೋನ್, ಇವುಗಳ ಜೊತೆ ಬೆರೆಸುವಂತಿಲ್ಲ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ತೊಳೆಯಲು ನೀರು ಪಕ್ಕದಲ್ಲೇ ಇರಬೇಕು.

ಬ್ರೇಕ್ ಶೂಗಳನ್ನು ಮೊದಲು ಡ್ರಮ್ಮಿಗೆ ಹತ್ತಿರ ಹೊಂದಿಸಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಗಾಳಿ ತೆಗೆಯಲು ಶುರು ಮಾಡುತ್ತೇನೆ. ಪೆಡಲ್ ಗಟ್ಟಿಯಾದ ಮೇಲೆ ಒಬ್ಬರು ಜೋರಾಗಿ ತುಳಿದು ಹಿಡಿದಿರಬೇಕು, ನಾನು ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡುತ್ತೇನೆ. ಬ್ರೇಕ್ ಲೈಟಿನ ಸ್ವಿಚ್ಚು ಕೂಡ ಇದೇ ಲೈನಿನ ಒತ್ತಡದಿಂದ ನಡೆಯುವುದರಿಂದ ಅದರ ಬುಡವನ್ನೂ ನೋಡಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಸಲ ಇದೇ ಪರೀಕ್ಷೆ. ಆಗಲೂ ಟಿಶ್ಯೂ ಒಣಗಿದ್ದರೆ ಮಾತ್ರ ಚಕ್ರ ಹಾಕಿ, ಸಮತಟ್ಟು ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನೋಡುತ್ತೇನೆ.