ವಾಕ್-ಇನ್ ಪ್ರಕಟಣೆಯಲ್ಲಿ ನಾನು ಮೊದಲು ಓದುವ ಸಾಲು

ವೈದ್ಯಕೀಯ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಾಗ, ಯಾವುದಾದರೊಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕೇ ಸಿಗುತ್ತದೆಂದು ನಂಬಿದ್ದೆ. ಎಂಬಿಬಿಎಸ್ ಓದದವರಿಗೂ ನಮ್ಮ ವಿಭಾಗದ ಬೋಧಕ ಹುದ್ದೆಗಳಲ್ಲಿ ಅರ್ಧದವರೆಗೆ ಅವಕಾಶವಿದ್ದ ಕಾಲ ಅದು. 2020ರಲ್ಲಿ ವೈದ್ಯಕೀಯ ಶಿಕ್ಷಣದ ನಿಯಮಗಳನ್ನು ರೂಪಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಹಾಗೂ ಜೀವರಸಾಯನಶಾಸ್ತ್ರಗಳಲ್ಲಿ ಆ ಪಾಲನ್ನು ಶೇ 15ಕ್ಕೆ ಇಳಿಸಿದ್ದಲ್ಲದೆ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಔಷಧಶಾಸ್ತ್ರಗಳ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿತು. 2025ರ ಜುಲೈನ ನಿಯಮಾವಳಿ ಎಂ.ಎಸ್ಸಿ. ಜೊತೆಗೆ ಪಿಎಚ್.ಡಿ. ಪಡೆದವರಿಗೆ ಆ ಎರಡು ವಿಭಾಗಗಳನ್ನು ಮತ್ತೆ ತೆರೆದಿದೆ. ಇದು ನೆಮ್ಮದಿಯ ವಿಷಯವೇ, ಆದರೆ ನಡುವಿನ ಐದು ವರ್ಷಗಳಲ್ಲಿ ಕೆಲಸ ಬದಲಿಸಿ ಔಷಧ ಕಂಪನಿಗಳಿಗೆ ಹೋದವರು ಹಿಂದಿರುಗುವುದು ಅನುಮಾನ.

ಬೋಧನೆಯ ದಾರಿ ಕಿರಿದಾದಾಗ ನಮ್ಮಂಥವರಿಗೆ ಅನ್ನ ಹಾಕಿದ್ದು ಸಂಶೋಧನಾ ಯೋಜನೆಗಳು. ಅಲ್ಲಿ ಆರಂಭಿಕ ಹಂತದ ಸಂಶೋಧಕರಾದ ಜೂನಿಯರ್ ರಿಸರ್ಚ್ ಫೆಲೋಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದರೆ 42,000, ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಮೊತ್ತ ಕೇಳಲು ಚೆನ್ನಾಗಿದೆ, ಅದು ಕೈಸೇರುವ ದಿನ ಮಾತ್ರ ಬೇರೆ ಮಾತು. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಅನುದಾನ ಬರಲಿಲ್ಲವೆಂದು ನಾಲ್ಕು ತಿಂಗಳು ಸಂಬಳವಾಗಲಿಲ್ಲ. ಆದರೂ ಮೈನಸ್ ಎಂಬತ್ತು ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ರೋಗಿಗಳ ರಕ್ತದ ಮಾದರಿಗಳಿದ್ದುದರಿಂದ, ಕರೆಂಟ್ ಹೋದಾಗಲೆಲ್ಲ ಜನರೇಟರ್ ಶುರುವಾಯಿತೇ ಎಂದು ಓಡಿ ನೋಡುವ ಕೆಲಸವನ್ನು ನಿಲ್ಲಿಸುವಂತಿರಲಿಲ್ಲ.

ಅಂದಿನಿಂದ ಯೋಜನೆಯ ಕೆಲಸಕ್ಕೆ ವಾಕ್-ಇನ್, ಅಂದರೆ ನೇರ ಸಂದರ್ಶನಕ್ಕೆ ಕರೆಯುವ ಯಾವ ಪ್ರಕಟಣೆ ಕಂಡರೂ ಸಂಬಳದ ಸಾಲಿಗಿಂತ ಮೊದಲು ಅವಧಿಯ ಸಾಲನ್ನು ಓದುತ್ತೇನೆ. 'ಒಂದು ವರ್ಷ ಅಥವಾ ಯೋಜನೆ ಮುಗಿಯುವವರೆಗೆ, ಯಾವುದು ಮೊದಲೋ ಅದು' ಎಂದಿದ್ದರೆ, ಮೂರು ವರ್ಷದ ಯೋಜನೆಯಲ್ಲಿ ಎಷ್ಟು ತಿಂಗಳು ಕಳೆದಿವೆ ಎಂಬುದನ್ನು ಅದನ್ನು ಮುನ್ನಡೆಸುವ ಪ್ರಧಾನ ಸಂಶೋಧಕರನ್ನೇ ಕೇಳಿ ತಿಳಿಯಬೇಕು. ಮೂಲ ಅಂಕಪಟ್ಟಿ ಮತ್ತು ಜೆರಾಕ್ಸ್ ಪ್ರತಿಗಳನ್ನು ಹಿಡಿದು ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತಾಗ ಇದನ್ನು ಕೇಳಲು ಸಂಕೋಚವಾಗುತ್ತದೆ, ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡುವುದು ಲೇಸು. ಅದೇ ಫೋನಿನಲ್ಲಿ, ಆ ಕೆಲಸದಲ್ಲಿದ್ದುಕೊಂಡೇ ಪಿಎಚ್.ಡಿ.ಗೆ ನೋಂದಾಯಿಸಬಹುದೇ, ಅಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಮಾರ್ಗದರ್ಶಕರಿದ್ದಾರೆಯೇ ಎಂದೂ ಕೇಳಬೇಕು. ಹೊಸ ನಿಯಮಾವಳಿಯ ಲಾಭ ಸಿಗುವುದು ಆ ಪದವಿ ಇದ್ದವರಿಗೆ ಮಾತ್ರ.

ಕಳೆದ ತಿಂಗಳು ನನ್ನ ಕಿರಿಯ ಸಹಪಾಠಿಯೊಬ್ಬಳು ಹೀಗೆ ಕೇಳಿದಾಗ, ಉಳಿದಿರುವುದು ಏಳೇ ತಿಂಗಳು ಎಂಬ ಉತ್ತರ ಬಂತು. ನೋಂದಣಿಗೆ ಮಾರ್ಗದರ್ಶಕರು ಒಪ್ಪಿದ್ದರಿಂದ ಅವಳು ಸೇರಿಕೊಂಡಿದ್ದಾಳೆ, ಎಂಟನೇ ತಿಂಗಳ ಬಾಡಿಗೆಯನ್ನು ಈಗಿನಿಂದಲೇ ಎತ್ತಿಡುತ್ತಿದ್ದಾಳೆ.